ನರಪ್ರದರ್ಶನವೂ ನೋಡುವವನ ಧರ್ಮವೂ

ಕುತೂಹಲವು ಮನುಷ್ಯನಿಗೆ ಸಹಜವಾದ ಗುಣ. ಶಿಶುವು ಕಣ್ಣು ಬಿಟ್ಟ ದಿನದಿಂದ ಮುದುಕನು ಕಣ್ಣು ಮುಚ್ಚುವ ದಿನದವರೆಗೆ ಹೊಸದನ್ನು ಕಾಣಬೇಕೆಂಬ ಹಂಬಲವು ಅವನನ್ನು ಬಿಡುವುದಿಲ್ಲ. ದೇಶಾಟನವೂ ಶಾಸ್ತ್ರವೂ ಚರಿತ್ರೆಯೂ ಈ ಹಂಬಲದಿಂದಲೇ ಹುಟ್ಟಿದವು. ಆದುದರಿಂದ ನೋಡುವ ಆಸೆಯನ್ನೇ ದೋಷವೆಂದು ಹೇಳುವುದು ಸಲ್ಲದು. ಆದರೆ ನೋಡತಕ್ಕ ವಸ್ತುವು ಮನುಷ್ಯನೇ ಆದಾಗ ಒಂದು ತೊಡಕು ಉಂಟಾಗುತ್ತದೆ. ಕಲ್ಲನ್ನು ದಿಟ್ಟಿಸಿದರೆ ಕಲ್ಲಿಗೆ ನಾಚಿಕೆಯಾಗದು. ನಕ್ಷತ್ರವನ್ನು ನೋಡಿದರೆ ನಕ್ಷತ್ರವು ತಿರುಗಿ ನೋಡದು. ಮನುಷ್ಯನನ್ನು ನೋಡುವಾಗಲಾದರೋ ನೋಡುವವನಿಗೂ ನೋಡಿಸಿಕೊಳ್ಳುವವನಿಗೂ ನಡುವೆ ಒಂದು ಸಂಬಂಧವು ಏರ್ಪಡುತ್ತದೆ. ಆ ಸಂಬಂಧಕ್ಕೆ ಧರ್ಮವೆಂಬುದುಂಟೇ? ಉಂಟಾದರೆ ಅದರ ಮೇರೆ ಯಾವುದು?

ಈ ಪ್ರಶ್ನೆಯು ಬರಿಯ ತರ್ಕದ ವಿನೋದವಲ್ಲ. ಯೂರೋಪು ಅಮೆರಿಕಗಳ ದೊಡ್ಡ ನಗರಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಆದಿಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ, ಪರದೇಶದ ಜನರನ್ನು ಬೇಲಿಯೊಳಗೆ ನಿಲ್ಲಿಸಿ, ಟಿಕೀಟು ಮಾರಿ, ಸಾರ್ವಜನಿಕರಿಗೆ ತೋರಿಸುವ ಪದ್ಧತಿಯು ನಡೆದುಬಂದಿತು. ಅದನ್ನು ನಡೆಸಿದವರಲ್ಲಿ ವರ್ತಕರಿದ್ದರು, ವಿದ್ವಾಂಸರಿದ್ದರು, ರಾಜರೂ ಇದ್ದರು. ನೋಡಬಂದವರು ಕ್ರೂರಿಗಳಲ್ಲ, ರಜಾದಿನದಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಮಕ್ಕಳ ಕೈ ಹಿಡಿದು ಬಂದ ಗೃಹಸ್ಥರು. ಇಷ್ಟು ಸಭ್ಯರಾದ ಜನರು ಇಂತಹ ನೋಟದಲ್ಲಿ ಸಂತೋಷಪಟ್ಟರೆಂಬುದನ್ನು ಇಂದು ಕೇಳಿದವರು ಸಹಜವಾಗಿ ಅಸಹ್ಯಪಡುತ್ತಾರೆ. ಆದರೆ ಅಸಹ್ಯಪಡುವುದು ಬೇರೆ, ತಪ್ಪು ಎಲ್ಲಿದೆಯೆಂದು ಗೊತ್ತುಮಾಡಿಕೊಳ್ಳುವುದು ಬೇರೆ. ತಪ್ಪಿನ ನೆಲೆಯು ತಿಳಿಯದೆ ಹೋದರೆ ಅದೇ ತಪ್ಪು ಬೇರೊಂದು ವೇಷದಲ್ಲಿ ಬಂದಾಗ ಗುರುತು ಸಿಕ್ಕುವುದಿಲ್ಲ.

ಈ ಪದ್ಧತಿಗೆ ಹಿಂದಣ ಕಾಲದ ಮಾದರಿಯೂ ಉಂಟು. ೧೫೫೦ರ ಅಕ್ಟೋಬರ್ ತಿಂಗಳಿನಲ್ಲಿ ಫ್ರಾನ್ಸಿನ ದೊರೆಯಾದ ಎರಡನೆಯ ಹೆನ್ರಿಯು ರೂಆನ್ ಪಟ್ಟಣವನ್ನು ಪ್ರವೇಶಿಸಿದಾಗ ಅಲ್ಲಿನವರು ಸೇನ್ ನದಿಯ ದಡದಲ್ಲಿ ಬ್ರೆಜಿಲ್ ದೇಶದ ಹಳ್ಳಿಯೊಂದನ್ನು ಕಟ್ಟಿ ತೋರಿಸಿದರು. ಆ ಪಟ್ಟಣದ ವರ್ತಕರಿಗೆ ಬ್ರೆಜಿಲಿನ ಬಣ್ಣದ ಮರದ ವ್ಯಾಪಾರವಿದ್ದಿತು. ದೊರೆಗೆ ಅದರ ಲಾಭವನ್ನು ಮನಗಾಣಿಸಬೇಕಾಗಿದ್ದಿತು. ಮರಗಳ ಬೊಡ್ಡೆಗಳಿಗೆ ಕೆಂಪು ಬಳಿದರು. ಗಿಳಿಗಳನ್ನೂ ಕೋತಿಗಳನ್ನೂ ಕೊಂಬೆಗಳಲ್ಲಿ ಬಿಟ್ಟರು. ತೂಪಿನಾಂಬಾ ಎಂಬ ಜನಾಂಗದ ಸುಮಾರು ಐವತ್ತು ಮಂದಿಯನ್ನು ಆ ಹಳ್ಳಿಯಲ್ಲಿ ಇರಿಸಿದರು. ಅಷ್ಟು ಜನ ಸಾಲದೆ ಹೋದುದರಿಂದ ಸುಮಾರು ಇನ್ನೂರೈವತ್ತು ಫ್ರೆಂಚ್ ನಾವಿಕರಿಗೂ ಅದೇ ವೇಷವನ್ನು ಹಾಕಿ ಕಾಳಗವನ್ನಾಡಿಸಿ, ಗುಡಿಸಲುಗಳಿಗೆ ಬೆಂಕಿಯಿಟ್ಟು, ದೊರೆಯನ್ನು ರಂಜಿಸಿದರು. ನಿಜವಾದ ಮನುಷ್ಯನೂ ಅವನ ವೇಷ ಧರಿಸಿದವನೂ ನೋಡುವವರ ಕಣ್ಣಿಗೆ ಒಂದೇ ಆದರೆಂಬುದು ಇಲ್ಲಿ ಲಕ್ಷ್ಯದಲ್ಲಿಡತಕ್ಕ ಸಂಗತಿ. ಇದು ರಾಜೋತ್ಸವದ ಆಡಂಬರ. ಮುಂದೆ ಎರಡೂವರೆ ಶತಮಾನಗಳ ತರುವಾಯ ಇದೇ ನೋಟವು ಕಿಸೆಯಲ್ಲಿ ಒಂದು ನಾಣ್ಯವುಳ್ಳ ಯಾವನಿಗಾದರೂ ದೊರೆಯುವಂತಾಯಿತು.

ನರಪ್ರದರ್ಶನದ ದೋಷವು ಬಲಾತ್ಕಾರದಲ್ಲಿದೆಯೆಂದು ಮೊದಲು ತೋರುತ್ತದೆ. ೧೮೧೦ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪಟ್ಟಣದಿಂದ ಖೊಯ್‌ಖೊಯ್ ಜನಾಂಗದ ಸಾರಾ ಬಾರ್ಟ್‌ಮನ್ ಎಂಬ ಹೆಂಗಸನ್ನು ಲಂಡನ್ನಿಗೆ ಕರೆತಂದರು. ಅವಳ ದೇಹದ ಆಕಾರವು ಯೂರೋಪಿನವರಿಗೆ ವಿಚಿತ್ರವಾಗಿ ಕಂಡಿತು. ಪಿಕ್ಯಾಡಿಲಿ ಬೀದಿಯ ಮನೆಯೊಂದರಲ್ಲಿ ಅವಳನ್ನು ವೇದಿಕೆಯ ಮೇಲೆ ನಿಲ್ಲಿಸಿ, ಮೈಗಂಟುವ ಉಡುಪು ತೊಡಿಸಿ, ಹಣ ತೆತ್ತವರಿಗೆ ತೋರಿಸತೊಡಗಿದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರವು ೧೮೦೭ರಲ್ಲಿಯೇ ನಿಷಿದ್ಧವಾಗಿದ್ದಿತು. ಆದುದರಿಂದ ಗುಲಾಮಗಿರಿಯ ವಿರೋಧಿಯಾದ ಝಕರಿ ಮೆಕಾಲೆಯೂ ಅವನ ಸಂಗಡಿಗರೂ ಕಿಂಗ್ಸ್ ಬೆಂಚ್ ನ್ಯಾಯಾಲಯಕ್ಕೆ ಹೋಗಿ, ಈ ಹೆಂಗಸು ಬಂಧನದಲ್ಲಿರುವಳೆಂದೂ ಬಿಡುಗಡೆ ಮಾಡಿಸಬೇಕೆಂದೂ ಪ್ರಾರ್ಥಿಸಿದರು. ನ್ಯಾಯಾಲಯವು ಡಚ್ ಭಾಷೆಯಲ್ಲಿ ಅವಳನ್ನು ವಿಚಾರಣೆ ಮಾಡಿಸಿತು. ತಾನು ಸ್ವಇಚ್ಛೆಯಿಂದ ಬಂದಿರುವುದಾಗಿಯೂ, ಲಾಭದಲ್ಲಿ ಅರ್ಧಪಾಲು ತನಗೆ ಸಲ್ಲಬೇಕೆಂಬ ಒಪ್ಪಂದವಿರುವುದಾಗಿಯೂ ಅವಳು ಹೇಳಿದಳೆಂದು ದಾಖಲೆಯಾಯಿತು. ಮೊಕದ್ದಮೆಯು ವಜಾ ಆಯಿತು. ಪ್ರದರ್ಶನವು ಮುಂದುವರಿಯಿತು.

ನ್ಯಾಯಾಲಯವು ಕೇಳಿದ ಪ್ರಶ್ನೆಯು "ಈಕೆಯು ಬದ್ಧಳೋ ಮುಕ್ತಳೋ" ಎಂಬುದೊಂದೇ. ಕಾನೂನಿಗೆ ಅಷ್ಟೇ ಸಾಕು, ಧರ್ಮಕ್ಕೆ ಸಾಲದು. ಪರದೇಶದಲ್ಲಿ, ಪರಭಾಷೆಯ ನಡುವೆ, ಬಂಧುಗಳಿಲ್ಲದೆ, ಊರಿಗೆ ಹಿಂದಿರುಗುವ ಹಡಗಿನ ಹಣವೂ ಕೈಯಲ್ಲಿಲ್ಲದೆ ನಿಂತವಳು "ಒಪ್ಪಿದ್ದೇನೆ" ಎಂದರೆ ಆ ಒಪ್ಪಿಗೆಯ ತೂಕವೆಷ್ಟು? ಬೇರೆ ಬಾಗಿಲುಗಳೆಲ್ಲ ಮುಚ್ಚಿರುವ ಮನೆಯಲ್ಲಿ ಒಂದೇ ಬಾಗಿಲಿನಿಂದ ಹೊರಬಂದವನನ್ನು ಕುರಿತು, ಅವನು ಆ ಬಾಗಿಲನ್ನು ಆರಿಸಿಕೊಂಡನೆಂದು ಹೇಳಬಹುದೇ? ೧೮೧೪ರಲ್ಲಿ ಅವಳನ್ನು ಪ್ಯಾರಿಸಿಗೆ ಒಯ್ದರು. ಅಲ್ಲಿ ಅವಳನ್ನು ತೋರಿಸಿದವನು ಮೃಗಗಳನ್ನು ಪಳಗಿಸುವವನು. ೧೮೧೫ರ ಡಿಸೆಂಬರ್ ಕೊನೆಯಲ್ಲಿ ಅವಳು ಸತ್ತಳು. ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞನಾದ ಕ್ಯುವಿಯೇ ಅವಳ ಶವವನ್ನು ಛೇದಿಸಿ ಪರೀಕ್ಷಿಸಿದನು. ಅವಳ ದೇಹದ ಅಚ್ಚನ್ನೂ ಅಸ್ಥಿಪಂಜರವನ್ನೂ ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ೧೯೭೦ರ ದಶಕದವರೆಗೂ ಜನರಿಗೆ ತೋರಿಸುತ್ತಿದ್ದರು. ಬದುಕಿರುವಾಗ ಅವಳ ಒಪ್ಪಿಗೆಯನ್ನು ಕೇಳುವ ನೆಪವಾದರೂ ಇದ್ದಿತು. ಸತ್ತ ಮೇಲೆ ನೆಪವೂ ಬೇಡವಾಯಿತು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದ ಈ ಎರಡನೆಯ ಪ್ರದರ್ಶನವು, ಮೊದಲನೆಯದರಲ್ಲಿ ಒಪ್ಪಿಗೆಗೆ ಇದ್ದ ಬೆಲೆಯನ್ನು ಚೆನ್ನಾಗಿ ತೋರಿಸಿಕೊಡುತ್ತದೆ.

ಆದರೆ ಒಪ್ಪಿಗೆಯು ನಿಜವಾಗಿಯೇ ಇದ್ದ ಸಂದರ್ಭಗಳೂ ಉಂಟು. ಅವುಗಳನ್ನು ಮರೆಮಾಚಿದರೆ ವಿಚಾರವು ಪ್ರಾಮಾಣಿಕವಾಗದು. ೧೮೭೦ರ ದಶಕದ ನಡುವಿನಲ್ಲಿ ಹ್ಯಾಂಬರ್ಗಿನ ಮೃಗವ್ಯಾಪಾರಿಯಾದ ಕಾರ್ಲ್ ಹಾಗೆನ್‌ಬೆಕ್ ಎಂಬುವನು ಉತ್ತರದೇಶದಿಂದ ಹಿಮಸಾರಂಗಗಳನ್ನು ತರಿಸುವುದರಲ್ಲಿದ್ದನು. ಅವುಗಳೊಡನೆ ಅವುಗಳನ್ನು ಸಾಕುವ ಲ್ಯಾಪ್‌ಲ್ಯಾಂಡಿನ ಸಂಸಾರವೊಂದನ್ನೂ ತರಿಸಿದರೆ ನೋಟವು ಸೊಗಸಾಗುವುದೆಂದು ಚಿತ್ರಕಾರನಾದ ಗೆಳೆಯನೊಬ್ಬನು ಸಲಹೆಯಿತ್ತನು. ಆ ಸಂಸಾರವು ಬಂದು ಡೇರೆ ಹೂಡಿತು, ಸಾರಂಗಗಳ ಹಾಲು ಕರೆಯಿತು, ಅಡಿಗೆ ಮಾಡಿತು, ಮಕ್ಕಳನ್ನು ಆಡಿಸಿತು. ಅಷ್ಟನ್ನೇ ನೋಡಲು ಜನರು ಮುಗಿಬಿದ್ದರು. ಮೃಗಗಳ ವ್ಯಾಪಾರವು ಕುಗ್ಗಿದ್ದ ಕಾಲದಲ್ಲಿ ಹಾಗೆನ್‌ಬೆಕ್‌ನಿಗೆ ಇದೊಂದು ಹೊಸ ಕಸುಬಾಯಿತು. ಸೂಡಾನಿನ ನೂಬಿಯನರು, ಗ್ರೀನ್‌ಲ್ಯಾಂಡಿನ ಇನುಯಿಟರು, ಸಿಂಹಳದವರು ಒಬ್ಬರಾದ ಮೇಲೊಬ್ಬರು ಬಂದರು. ಕರಾರು ಬರೆದು, ಸಂಬಳ ಗೊತ್ತುಮಾಡಿ ಕರೆತರುತ್ತಿದ್ದರು. ೧೮೭೭ರಲ್ಲಿ ಗ್ರೀನ್‌ಲ್ಯಾಂಡಿನಿಂದ ಬಂದ ಓಕಾಬಕ್ ಎಂಬುವನ ಸಂಸಾರವು ಮರುವರ್ಷ ಸಂಪಾದನೆಯೊಡನೆ ಕ್ಷೇಮವಾಗಿ ಊರಿಗೆ ಹಿಂದಿರುಗಿತು. "ಇದರಲ್ಲಿ ಯಾರಿಗೆ ಕೇಡಾಯಿತು?" ಎಂದು ಹಾಗೆನ್‌ಬೆಕ್ ಕೇಳಿದ್ದರೆ ಅದು ಉಡಾಫೆಯ ಮಾತಾಗುತ್ತಿರಲಿಲ್ಲ.

ಕೇಡು ಅನತಿಕಾಲದಲ್ಲಿಯೇ ಆಯಿತು. ಗ್ರೀನ್‌ಲ್ಯಾಂಡಿನ ಗೆಲುವಿನಿಂದ ಉತ್ಸಾಹಗೊಂಡು ೧೮೮೦ರಲ್ಲಿ ಹಾಗೆನ್‌ಬೆಕ್‌ನ ಪ್ರತಿನಿಧಿಯಾದ ಯಾಕೊಬ್ಸೆನ್ ಮತ್ತೆ ಅಲ್ಲಿಗೆ ಹೋದನು. ಡೆನ್ಮಾರ್ಕಿನ ಸರಕಾರವು ಅನುಮತಿಯನ್ನು ಕೊಡಲಿಲ್ಲ. ಆಗ ಅವನು ಲ್ಯಾಬ್ರಡಾರಿಗೆ ತಿರುಗಿ, ಎಂಟು ಮಂದಿ ಇನುಯಿಟರನ್ನು ಒಪ್ಪಿಸಿ ಕರೆತಂದನು. ಅವರಲ್ಲಿ ಅಬ್ರಹಾಂ ಎಂಬುವನು ಹೆಬ್ರಾನ್ ಎಂಬ ಕ್ರೈಸ್ತ ನೆಲೆಯವನು. ಓದುಬರಹ ಬಲ್ಲವನು, ಪಿಟೀಲು ನುಡಿಸಬಲ್ಲವನು. ಅಲ್ಲಿನ ಪಾದ್ರಿಗಳು ಹೋಗಬೇಡವೆಂದು ತಡೆದರೂ, ತಲೆಯ ಮೇಲಿದ್ದ ಸಾಲವನ್ನು ತೀರಿಸಬೇಕೆಂದೂ ಯೂರೋಪನ್ನು ಕಾಣಬೇಕೆಂದೂ ಹೊರಟನು. ಅವನಿಗೂ ನೋಡುವ ಆಸೆಯಿದ್ದಿತೆಂಬುದನ್ನು ಮರೆಯಬಾರದು. ಬರ್ಲಿನ್ನಿನ ಮೃಗಾಲಯದಲ್ಲಿ ಅವನು ತನ್ನ ಭಾಷೆಯಲ್ಲಿ ದಿನಚರಿಯನ್ನು ಬರೆದನು. ಜನಸಂದಣಿಯಿಂದ ಅಲುಗಾಡಲೂ ಆಗುತ್ತಿರಲಿಲ್ಲವೆಂದೂ, ಒಮ್ಮೆ ಜನರು ಬೇಲಿಯೊಳಕ್ಕೇ ನುಗ್ಗಿದಾಗ ತಾನು ಚಾವಟಿಯನ್ನೂ ಈಟಿಯನ್ನೂ ಹಿಡಿದು ಹೆದರಿಸಿ ಓಡಿಸಿದೆನೆಂದೂ, ಊರಿನ ನೆನಪು ಬಾಧಿಸುತ್ತಿದೆಯೆಂದೂ ಅದರಲ್ಲಿ ಹೇಳಿದ್ದಾನೆ. ಅವರಿಗೆ ಸಿಡುಬಿನ ದೇವಿ ಹಾಕಿಸುವ ಕರ್ತವ್ಯವನ್ನು ಯಾಕೊಬ್ಸೆನ್ ಸಕಾಲದಲ್ಲಿ ನೆರವೇರಿಸಿರಲಿಲ್ಲ. ಡಿಸೆಂಬರ್ ತಿಂಗಳಿನಲ್ಲಿ ಮೂವರು ಜರ್ಮನಿಯಲ್ಲಿ ಸತ್ತರು. ಅವರಲ್ಲಿ ಅಬ್ರಹಾಮನ ಎಳೆಯ ಮಗಳೊಬ್ಬಳು. ೧೮೮೧ರ ಜನವರಿಯಲ್ಲಿ ಉಳಿದ ಐವರೂ ಪ್ಯಾರಿಸಿನಲ್ಲಿ ಸತ್ತರು. ಎಂಟು ಮಂದಿಯಲ್ಲಿ ಒಬ್ಬರೂ ಹಿಂದಿರುಗಲಿಲ್ಲ.

ಹಾಗಾದರೆ ದೋಷವಿರುವುದು ಪ್ರಾಣಹಾನಿಯಲ್ಲಿಯೇ? ದೇವಿ ಹಾಕಿಸಿದ್ದರೆ, ಬೆಚ್ಚನೆಯ ಮನೆಯನ್ನೂ ಒಳ್ಳೆಯ ವೈದ್ಯನನ್ನೂ ಒದಗಿಸಿದ್ದರೆ ಎಲ್ಲವೂ ಸರಿಯಾಗುತ್ತಿದ್ದಿತೇ? ಮೃಗಾಲಯದ ಒಳ್ಳೆಯ ಅಧಿಕಾರಿಯು ತನ್ನ ಪ್ರಾಣಿಗಳಿಗೂ ಇಷ್ಟನ್ನು ಮಾಡುತ್ತಾನೆ. ಅಬ್ರಹಾಮನ ದಿನಚರಿಯನ್ನು ಓದಿದವನಿಗೆ ಸಾವಿನ ದುಃಖಕ್ಕಿಂತ ಮುಂಚೆಯೇ ಬೇರೊಂದು ದುಃಖವು ಕಾಣುತ್ತದೆ. ಸಹಸ್ರಾರು ಜನರು ಅವನನ್ನು ನೋಡಿ ಹೋದರು. ಅವನು ಅವರನ್ನು ನೋಡಿ ಬರೆದಿಟ್ಟುದನ್ನು ಆ ಬೇಲಿಯ ಬಳಿ ಕೇಳಿದವರು ಯಾರು?

ಇನ್ನು ಕೆಲವರು ದೋಷವು ಸುಳ್ಳಿನಲ್ಲಿದೆಯೆನ್ನುವರು. ಇದಕ್ಕೆ ಭಾರತದವರಿಗೆ ಸಂಬಂಧಪಟ್ಟ ಉದಾಹರಣೆಯೇ ಇದೆ. ೧೮೮೬ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ವಸಾಹತುಗಳ ಮತ್ತು ಭಾರತದ ಮಹಾಪ್ರದರ್ಶನವು ನಡೆಯಿತು. ಐವತ್ತು ಲಕ್ಷಕ್ಕೂ ಹೆಚ್ಚು ಜನರು ಅದನ್ನು ನೋಡಿದರು. ಅಲ್ಲಿ ಕಟ್ಟಿದ ಅಂಗಳವೊಂದರಲ್ಲಿ ಮೂವತ್ತನಾಲ್ಕು ಮಂದಿ ಭಾರತೀಯ ಕುಶಲಕರ್ಮಿಗಳು ಕುಳಿತು ನೇಯುತ್ತ, ಕೆತ್ತುತ್ತ, ಮಡಕೆ ಮಾಡುತ್ತ ಇದ್ದರು. ನೂರ ಎರಡು ವರ್ಷದವನೆಂದು ಹೇಳಲಾಗುತ್ತಿದ್ದ ಬಕ್ಷಿರಾಮನೆಂಬ ಕುಂಬಾರನೂ ಅವರಲ್ಲಿದ್ದನು. ತಲೆತಲಾಂತರದಿಂದ ಬಂದ ಹಳ್ಳಿಯ ಕಸುಬನ್ನು ಕಣ್ಣಾರೆ ಕಾಣುತ್ತಿದ್ದೇವೆಂದು ಇಂಗ್ಲಿಷ್ ಜನರು ಮೆಚ್ಚಿಕೊಂಡರು. ನಿಜಸ್ಥಿತಿಯೇನೆಂದರೆ, ಅವರನ್ನು ಆಗ್ರಾ ಸೆರೆಮನೆಯ ಅಧಿಕಾರಿಯಾದ ಡಾಕ್ಟರ್ ಟೈಲರ್ ಕರೆತಂದಿದ್ದನು; ಅವರಲ್ಲಿ ಹಲವರು ಕೈದಿಗಳಾಗಿದ್ದು ಸೆರೆಮನೆಯಲ್ಲಿಯೇ ಆ ಕಸುಬನ್ನು ಕಲಿತವರು. ವಿಕ್ಟೋರಿಯಾ ರಾಣಿಯು ರುಡಾಲ್ಫ್ ಸ್ವೋಬೋಡ ಎಂಬ ಚಿತ್ರಕಾರನಿಂದ ಇವರಲ್ಲಿ ಕೆಲವರ ಚಿತ್ರಗಳನ್ನು ಬರೆಸಿದಳು. ಚಿತ್ರಗಳಲ್ಲಿ ಮುಖವು ಬಲು ಗೌರವದಿಂದ ಮೂಡಿದೆ. ಆ ಮುಖದ ಹಿಂದಿನ ಬಾಳಿನ ಕಥೆಯು ಮಾತ್ರ ಪ್ರದರ್ಶನಕ್ಕೆ ಬೇಕಾಗಿರಲಿಲ್ಲ.

ಇಲ್ಲಿ ಸುಳ್ಳು ಇದ್ದಿತೆಂಬುದು ನಿರ್ವಿವಾದ. ಆದರೆ ಸುಳ್ಳನ್ನು ತೆಗೆದುಹಾಕಿ, ಫಲಕದ ಮೇಲೆ ನಿಜವನ್ನೇ ಬರೆದಿದ್ದರೆ ಸಾಕಾಗುತ್ತಿದ್ದಿತೇ? ನಿಜವನ್ನೇ ಬರೆದ ಫಲಕವೊಂದು ೧೯೦೬ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಣಿಸಿಕೊಂಡಿತು. ಕಾಂಗೋ ದೇಶದ ಓಟಾ ಬೆಂಗಾ ಎಂಬ ತರುಣನನ್ನು ಸ್ಯಾಮ್ಯುಯಲ್ ವರ್ನರ್ ಎಂಬುವನು ೧೯೦೪ರ ಸೇಂಟ್ ಲೂಯಿಸ್ ಮಹಾಪ್ರದರ್ಶನಕ್ಕೆ ಕರೆತಂದಿದ್ದನು. ಆ ಪ್ರದರ್ಶನದಲ್ಲಿ ಫಿಲಿಪೀನ್ಸಿನ ಸಾವಿರಕ್ಕೂ ಹೆಚ್ಚು ಜನರನ್ನೂ, ಸೆರೆಯಾಳಾಗಿದ್ದ ಅಪಾಚಿ ನಾಯಕ ಜೆರೋನಿಮೋವನ್ನೂ ಜನರು ನೋಡಿದರು. ಎರಡು ವರ್ಷಗಳ ತರುವಾಯ ಓಟಾ ಬೆಂಗಾನು ಬ್ರಾಂಕ್ಸ್ ಮೃಗಾಲಯವನ್ನು ಸೇರಿ, ಕೋತಿಗಳ ಮನೆಯಲ್ಲಿ ಒರಾಂಗುಟಾನ್ ವಾನರದೊಡನೆ ಪ್ರದರ್ಶಿತನಾದನು. ಫಲಕದ ಮೇಲೆ ಅವನ ಹೆಸರು, ಇಪ್ಪತ್ತಮೂರು ವರ್ಷದ ವಯಸ್ಸು, ನಾಲ್ಕು ಅಡಿ ಹನ್ನೊಂದು ಅಂಗುಲದ ಎತ್ತರ, ದೇಹದ ತೂಕ, ತಂದ ಸ್ಥಳ, ತಂದವನ ಹೆಸರು, ತೋರಿಸುವ ವೇಳೆ ಇಷ್ಟನ್ನೂ ಬರೆದಿದ್ದರು. ಒಂದೊಂದು ವಿವರವೂ ಲೆಕ್ಕಕ್ಕೆ ಸರಿ. ಒಟ್ಟಿನಲ್ಲಿ ಆ ಫಲಕವು ಹೇಳಿದುದು ಮಹಾಸುಳ್ಳು. ಪ್ರಾಣಿಯ ಪಂಜರಕ್ಕೆ ಬರೆಯುವ ರೀತಿಯಲ್ಲಿ ಮನುಷ್ಯನ ವಿಷಯವಾಗಿ ನಿಜವನ್ನು ಬರೆದರೆ ಅದು ನಿಜವಾಗಿ ಉಳಿಯುವುದಿಲ್ಲ.

ಮೃಗಾಲಯದ ನಿರ್ದೇಶಕನಾದ ಹಾರ್ನಡೇ ಇದನ್ನು ಜನಾಂಗಶಾಸ್ತ್ರದ ಪ್ರದರ್ಶನವೆಂದು ಸಮರ್ಥಿಸಿದನು. ಪ್ರಸಿದ್ಧ ಪತ್ರಿಕೆಯೊಂದು ಅವನನ್ನು ಬೆಂಬಲಿಸಿ ಸಂಪಾದಕೀಯವನ್ನು ಬರೆಯಿತು. ಆದರೆ ಬ್ರೂಕ್ಲಿನ್ನಿನಲ್ಲಿ ಕರಿಯ ಮಕ್ಕಳ ಅನಾಥಾಲಯವನ್ನು ನಡೆಸುತ್ತಿದ್ದ ಜೇಮ್ಸ್ ಗಾರ್ಡನ್ ಎಂಬ ಪಾದ್ರಿಯು ತನ್ನವರೊಡನೆ ಬಂದು ಉಗ್ರವಾಗಿ ಪ್ರತಿಭಟಿಸಿದನು. ಆ ತಿಂಗಳು ಮುಗಿಯುವುದರೊಳಗೆ ಓಟಾ ಬೆಂಗಾನು ಅನಾಥಾಲಯವನ್ನು ಸೇರಿದನು. ಮುಂದೆ ವರ್ಜೀನಿಯ ಪ್ರಾಂತದ ಲಿಂಚ್‌ಬರ್ಗ್ ಪಟ್ಟಣದಲ್ಲಿ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ದುಡಿದನು. ಜನರು ಬೆರಗಿನಿಂದ ನೋಡುತ್ತಿದ್ದ ಅವನ ಮೊನೆಮಾಡಿದ ಹಲ್ಲುಗಳಿಗೆ ಕವಚವನ್ನು ಕಟ್ಟಿಸಿದರು. ೧೯೧೬ರ ಮಾರ್ಚ್ ತಿಂಗಳಿನಲ್ಲಿ ಅವನು ಗುಂಡು ಹಾರಿಸಿಕೊಂಡು ಪ್ರಾಣಬಿಟ್ಟನು. ಮೃಗಾಲಯವನ್ನು ನಡೆಸುವ ಸಂಸ್ಥೆಯು ತನ್ನ ತಪ್ಪಿಗಾಗಿ ಬಹಿರಂಗವಾಗಿ ಕ್ಷಮೆ ಬೇಡಿದುದು ೨೦೨೦ರಲ್ಲಿ.

ಬಲಾತ್ಕಾರ, ಪ್ರಾಣಹಾನಿ, ಸುಳ್ಳು ಇವೆಲ್ಲವೂ ಮಹಾಪರಾಧಗಳೇ. ಆದರೆ ಇವು ಮೂರನ್ನೂ ಕಳೆದರೂ ಏನೋ ಒಂದು ಉಳಿಯುತ್ತದೆ. ಆ ಉಳಿದುದನ್ನು ಬೆಲ್ಜಿಯಂ ದೇಶದ ಎರಡು ಪ್ರದರ್ಶನಗಳು ಬಹು ಸ್ಪಷ್ಟವಾಗಿ ತೋರಿಸುತ್ತವೆ. ೧೮೯೭ರಲ್ಲಿ ಎರಡನೆಯ ಲಿಯೋಪೋಲ್ಡ್ ದೊರೆಯು ಕಾಂಗೋ ದೇಶದಿಂದ ಇನ್ನೂರ ಅರುವತ್ತೇಳು ಮಂದಿಯನ್ನು ತರಿಸಿ, ಬ್ರಸೆಲ್ಸಿನ ಬಳಿಯ ಟೆರ್‌ವ್ಯೂರೆನ್ ಉದ್ಯಾನದಲ್ಲಿ ಕಟ್ಟಿಸಿದ ಹಳ್ಳಿಗಳಲ್ಲಿರಿಸಿ ತೋರಿಸಿದನು. ಏಳು ಮಂದಿ ಅಲ್ಲಿಯೇ ಸತ್ತರು. ಅವರ ಗೋರಿಗಳು ಆ ಊರಿನ ಚರ್ಚಿನ ಪಕ್ಕದಲ್ಲಿವೆ. ಅರುವತ್ತೊಂದು ವರ್ಷಗಳ ತರುವಾಯ, ೧೯೫೮ರ ಬ್ರಸೆಲ್ಸ್ ಮಹಾಪ್ರದರ್ಶನದಲ್ಲಿ, ಮತ್ತೆ ಕಾಂಗೋದ ಹಳ್ಳಿಯೊಂದನ್ನು ಕಟ್ಟಿದರು. ಅಷ್ಟರಲ್ಲಿ ಎರಡು ಮಹಾಯುದ್ಧಗಳು ಕಳೆದಿದ್ದವು. ಮಾನವಹಕ್ಕುಗಳ ಘೋಷಣೆಯು ೧೯೪೮ರಲ್ಲಿ ಹೊರಟಿದ್ದಿತು. ಈ ಸಲ ಬಂದವರು ಕುಶಲಕರ್ಮಿಗಳು. ಆದರೂ ಬಿದಿರಿನ ಬೇಲಿಯ ಆಚೆ ನಿಂತ ಕೆಲವರು ಅವರ ಕಡೆಗೆ ಕಾಸನ್ನೂ ಬಾಳೆಯ ಹಣ್ಣನ್ನೂ ಎಸೆದರು. ಕಾಂಗೋದವರು ಆ ಅಪಮಾನವನ್ನು ಸಹಿಸದೆ ಪ್ರದರ್ಶನವು ಮುಗಿಯುವುದಕ್ಕೆ ಮುಂಚೆಯೇ ಹೊರಟುಹೋದರು. ಎರಡು ವರ್ಷಗಳಲ್ಲಿ ಅವರ ದೇಶವು ಸ್ವತಂತ್ರವಾಯಿತು.

ಹಣ್ಣನ್ನೆಸೆದವರು ಮನೆಯಿಂದ ಹೊರಡುವಾಗ ದುಷ್ಟರಾಗಿ ಹೊರಟಿರಲಾರರು. ಅದೇ ಕಾಂಗೋದವನು ಅವರ ಮನೆಯ ಬಾಗಿಲಿಗೆ ಬಂದಿದ್ದರೆ ಕುರ್ಚಿಯನ್ನು ಕೊಟ್ಟು ಮಾತನಾಡಿಸುತ್ತಿದ್ದರೋ ಏನೋ. ನಡುವೆ ಬೇಲಿಯು ಬಂದುದರಿಂದ ಕೈಯು ತಾನಾಗಿಯೇ ಎಸೆಯುವುದಕ್ಕೆ ಎದ್ದಿತು. ಬೇಲಿಯು ಒಳಗಿರುವವನನ್ನು ಹಿಡಿದಿಡುವುದಕ್ಕಿಂತ ಹೆಚ್ಚಾಗಿ ಹೊರಗಿರುವವನಿಗೆ ಒಂದು ಪಾಠವನ್ನು ಹೇಳುತ್ತದೆ: "ಇತ್ತ ನಿಂತಿರುವವನು ನೋಡತಕ್ಕವನು, ಅತ್ತ ಇರುವವನು ನೋಡಿಸಿಕೊಳ್ಳತಕ್ಕವನು, ನೀನು ಅವನಿಗೆ ಉತ್ತರ ಕೊಡಬೇಕಾದುದಿಲ್ಲ." ನರಪ್ರದರ್ಶನದ ಮೂಲದೋಷವು ಇದೇ. ನೋಡುವುದು ತಪ್ಪಲ್ಲ, ತಿರುಗಿ ನೋಡುವ, ತಿರುಗಿ ಕೇಳುವ ಅಧಿಕಾರವನ್ನು ಒಬ್ಬನಿಂದ ಕಿತ್ತುಕೊಂಡು ಅವನನ್ನು ನೋಡುವುದು ತಪ್ಪು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ದೊಂಬರು ಹಗ್ಗದ ಮೇಲೆ ನಡೆದು ತೋರಿಸುವುದಿಲ್ಲವೇ? ಹಗಲುವೇಷದವರು ಬೀದಿಯಲ್ಲಿ ನಿಂತು ಕಾಸು ಪಡೆಯುವುದಿಲ್ಲವೇ? ನಟನೂ ಗಾಯಕನೂ ಜಟ್ಟಿಯೂ ನೋಡಿಸಿಕೊಳ್ಳುವುದರಿಂದಲೇ ಜೀವಿಸುವರಲ್ಲವೇ? ನಿಜ. ಆದರೆ ದೊಂಬನು ತೋರಿಸುವುದು ತನ್ನ ವಿದ್ಯೆಯನ್ನು. ಹಗ್ಗದಿಂದಿಳಿದ ಮೇಲೆ ಅವನು ಗಂಡನೋ ತಂದೆಯೋ ಆಗಿ ತನ್ನ ಬಿಡಾರಕ್ಕೆ ಹೋಗುತ್ತಾನೆ. ವೇಷಧಾರಿಯು ಸಂಜೆ ಬಣ್ಣವನ್ನು ತೊಳೆದುಕೊಳ್ಳುತ್ತಾನೆ. ಅವನ ಆಟವು ಚೆನ್ನಾಗಿಲ್ಲವೆಂದು ಹೇಳಬಹುದು, ಚೆನ್ನಾಗಿದೆಯೆಂದೂ ಹೇಳಬಹುದು. ಎರಡರಲ್ಲಿಯೂ ಅವನು ಕರ್ತೃವೆಂಬ ಒಪ್ಪಿಗೆಯಿದೆ. ಹ್ಯಾಂಬರ್ಗಿನಲ್ಲಿ ಸಾರಂಗದ ಹಾಲು ಕರೆದವಳು ಯಾವ ಆಟವನ್ನೂ ಆಡಲಿಲ್ಲ. ಅವಳು ಉಂಡುದೇ ನೋಟ, ಮಲಗಿದುದೇ ನೋಟ, ಮಗುವಿಗೆ ಹಾಲು ಕುಡಿಸಿದುದೇ ನೋಟ. ವಿದ್ಯೆಯನ್ನು ತೋರಿಸುವವನಿಗೆ ಆಟ ನಿಲ್ಲಿಸುವ ವೇಳೆಯೊಂದುಂಟು. ಇರವನ್ನೇ ತೋರಿಸಬೇಕಾದವನಿಗೆ ಅದಿಲ್ಲ. ತೊಳೆದುಕೊಳ್ಳಲಾಗದ ಬಣ್ಣವನ್ನು ಅವನಿಗೆ ಪ್ರೇಕ್ಷಕರೇ ಬಳಿದಿರುತ್ತಾರೆ.

ಈ ದೋಷದಿಂದ ನೋಡುವವನಿಗೂ ನಷ್ಟವುಂಟು. ಅವನು ಜ್ಞಾನವನ್ನು ಸಂಪಾದಿಸಿದೆನೆಂದು ತಿಳಿದು ಮನೆಗೆ ಹೋಗುತ್ತಾನೆ. ಒಂದು ಜನಾಂಗವನ್ನು ಕಂಡೆನೆಂದು ಮಕ್ಕಳಿಗೆ ಹೇಳುತ್ತಾನೆ. ಕಂಡದ್ದಾದರೂ ಏನು? ಹಿಂದೆ ತನ್ನ ಮನಸ್ಸಿನಲ್ಲಿದ್ದುದನ್ನೇ ಬೇಲಿಯ ಆಚೆ ನಿಲ್ಲಿಸಿ ನೋಡಿ ಬಂದನು. ಏನೂ ತಿಳಿಯದವನು ಕೇಳಿ ತಿಳಿಯಬಹುದು. ತಿಳಿದೆನೆಂದು ಭ್ರಮಿಸಿದವನು ಕೇಳುವುದನ್ನೇ ಬಿಡುತ್ತಾನೆ. ಸೌತ್ ಕೆನ್ಸಿಂಗ್ಟನ್ನಿನಿಂದ ಹಿಂದಿರುಗಿದ ಲಕ್ಷಾಂತರ ಜನರು ಭಾರತವನ್ನು ಕಂಡೆವೆಂದುಕೊಂಡರು. ಅವರು ಕಂಡದ್ದು ಲಂಡನ್ನಿನಲ್ಲಿ ಕಟ್ಟಿದ ಒಂದು ಅಂಗಳವನ್ನು.

ಅಪಮಾನಕ್ಕೆ ಗುರಿಯಾದವರು ಪ್ರತಿಭಟಿಸಿದಾಗಲೂ ಬೇಲಿಯು ಯಾವಾಗಲೂ ಬೀಳುವುದಿಲ್ಲವೆಂಬುದಕ್ಕೆ ಜಪಾನಿನ ನಿದರ್ಶನವೊಂದಿದೆ. ಈ ಪದ್ಧತಿಯು ಬಿಳಿಯರ ಸ್ವತ್ತಾಗಿಯೇ ಉಳಿಯಲಿಲ್ಲ. ೧೯೦೩ರಲ್ಲಿ ಒಸಾಕಾ ನಗರದ ಕೈಗಾರಿಕಾ ಪ್ರದರ್ಶನದ ಬಳಿ "ಮಾನವಶಾಲೆ" ಎಂಬುದನ್ನು ತೆರೆದು, ಐನು ಜನರು, ತೈವಾನಿನ ಗುಡ್ಡದವರು, ಓಕಿನಾವದವರು, ಕೊರಿಯದವರು ಮೊದಲಾದವರನ್ನು ತೋರಿಸಲು ಏರ್ಪಡಿಸಿದರು. ಚೀನೀಯರನ್ನೂ ತೋರಿಸುವರೆಂಬ ಸುದ್ದಿ ತಿಳಿದು ಚೀನದ ವಿದ್ಯಾರ್ಥಿಗಳು ಕೆರಳಿದರು. ಅವರ ಭಾಗವನ್ನು ಕೈಬಿಡಲಾಯಿತು. ಓಕಿನಾವದ ಪತ್ರಿಕೆಯೂ ಪ್ರತಿಭಟಿಸಿತು. ಅವರನ್ನೂ ಹಿಂದಕ್ಕೆ ಕಳುಹಿಸಿದರು. ಆದರೆ ಈ ಪ್ರತಿಭಟನೆಗಳ ಸಾರವೇನು? ಮನುಷ್ಯರನ್ನು ಹೀಗೆ ತೋರಿಸಬಾರದೆಂಬುದಲ್ಲ. ಸುಸಂಸ್ಕೃತರಾದ ತಮ್ಮನ್ನು ಐನು ಮೊದಲಾದ ಕೀಳುಜನರ ಪಂಕ್ತಿಯಲ್ಲಿ ಕೂರಿಸಬಾರದೆಂಬುದು. ತಾವು ಬೇಲಿಯಿಂದ ಹೊರಗೆ ಬಂದರೆ ಅವರಿಗೆ ಸಾಕಾಯಿತು; ಬೇಲಿಯು ಇದ್ದಲ್ಲಿಯೇ ಇದ್ದಿತು, ಐನುಗಳು ಅದರೊಳಗೇ ಇದ್ದರು. ಪಂಕ್ತಿಭೇದದ ನೋವನ್ನು ಬಲ್ಲ ದೇಶದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ತನಗಾದ ಅಪಮಾನದಿಂದ ಎಲ್ಲರ ಮಾನವನ್ನೂ ಕಾಣುವವನು ವಿರಳ. ತನ್ನ ಸ್ಥಾನವನ್ನು ಮಾತ್ರ ಕಾಣುವವನು ಎಲ್ಲೆಲ್ಲಿಯೂ ಇದ್ದಾನೆ.

ಇದಕ್ಕೆ ಪ್ರತಿಯಾಗಿ ಬಂಗಾಳದ ತ್ರೈಲೋಕ್ಯನಾಥ ಮುಖೋಪಾಧ್ಯಾಯರ ನಡತೆಯನ್ನು ನೆನೆಯಬಹುದು. ಅವರು ೧೮೮೬ರ ಲಂಡನ್ ಪ್ರದರ್ಶನಕ್ಕೆ ಅಧಿಕಾರಿಯಾಗಿ ಹೋಗಿದ್ದ ವಿದ್ವಾಂಸರು. ಕುಶಲಕರ್ಮಿಗಳಂತೆ ಅಂಗಳದಲ್ಲಿ ಕುಳಿತವರಲ್ಲ. ಆದರೂ ಜನರು ಅವರನ್ನೂ ಸುತ್ತುಗಟ್ಟಿ ನೋಡಿದರು. ಅವರಿಗೆ ಕೇಳಿಸುವಂತೆಯೇ ಅವರ ವಿಷಯವನ್ನು ಮಾತನಾಡಿಕೊಂಡರು. ೧೮೮೯ರಲ್ಲಿ ಪ್ರಕಟವಾದ ತಮ್ಮ ಯೂರೋಪ್ ಪ್ರವಾಸದ ಗ್ರಂಥದಲ್ಲಿ ಅವರು ಈ ಅನುಭವವನ್ನು ನಗುನಗುತ್ತ ವರ್ಣಿಸಿದ್ದಾರೆ. ತಮಗಿಂತ ಮುಂಚೆ ಜೂಲೂಗಳು ಹೀಗೆಯೇ ನೋಟಕ್ಕೆ ಪಾತ್ರರಾಗಿದ್ದರೆಂದೂ, ತಮ್ಮ ತರುವಾಯ ಅಮೆರಿಕದ ಸೂ ಜನಾಂಗದ ನಾಯಕನು ಪಾತ್ರನಾಗಿರುವನೆಂದೂ ಹೇಳುತ್ತಾರೆ. "ನಾನು ಅವರಂಥವನಲ್ಲ" ಎಂದು ದೂರ ಸರಿಯದೆ ಅದೇ ಸಾಲಿನಲ್ಲಿ ನಿಂತು, ನೋಡುತ್ತಿದ್ದ ಇಂಗ್ಲಿಷರನ್ನು ತಿರುಗಿ ನೋಡಿ ಬರೆದರು. ಆ ಗ್ರಂಥದಲ್ಲಿ ಪ್ರದರ್ಶಿತರಾಗಿರುವವರು ಪ್ರೇಕ್ಷಕರೇ. ಅವರಿಗೆ ಇಂಗ್ಲಿಷ್ ವಿದ್ಯೆಯೂ ಅಧಿಕಾರವೂ ಇದ್ದುದರಿಂದ ಇದು ಸಾಧ್ಯವಾಯಿತು. ಬಕ್ಷಿರಾಮನಿಗೆ ಆ ಭಾಗ್ಯವಿರಲಿಲ್ಲ.

ಇದು ಕಳೆದುಹೋದ ಕಾಲದ ಕಥೆಯೆಂದು ಸಮಾಧಾನಪಡುವಂತಿಲ್ಲ. ಅಂಡಮಾನಿನ ಜಾರವಾ ಜನರ ಅರಣ್ಯದ ನಡುವೆ ಹಾದುಹೋಗುವ ಹೆದ್ದಾರಿಯ ಭಾಗವನ್ನು ಮುಚ್ಚಬೇಕೆಂದು ೨೦೦೨ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಆದರೂ ದಾರಿಯು ತೆರೆದೇ ಇದ್ದಿತು. ಪ್ರವಾಸಿಗಳ ವಾಹನಗಳ ಸಾಲು ಹ್ರಸ್ವವಾಗಲಿಲ್ಲ. ೨೦೧೨ರಲ್ಲಿ ಪ್ರಕಟವಾದ ಚಲಚ್ಚಿತ್ರವೊಂದರಲ್ಲಿ, ಜಾರವಾ ಹೆಣ್ಣುಮಕ್ಕಳನ್ನು ಆಹಾರದ ಆಸೆಗೆ ಕುಣಿಯುವಂತೆ ಹೇಳಿದುದನ್ನು ಜಗತ್ತೇ ಕಂಡಿತು. ಅಲ್ಲಿ ಟಿಕೀಟು ಮಾರುವ ಹಾಗೆನ್‌ಬೆಕ್ ಇರಲಿಲ್ಲ, ಲಿಯೋಪೋಲ್ಡ್ ದೊರೆಯೂ ಇರಲಿಲ್ಲ. ವಾಹನದ ಗಾಜೇ ಬೇಲಿಯಾಯಿತು. ಒಳಗೆ ಕುಳಿತಿದ್ದವರು ರಜೆಗೆಂದು ಬಂದ ಪ್ರವಾಸಿಗಳು. ಹಿಂದೆ ಲಂಡನ್ನಿನಲ್ಲಿ ನೋಟಕ್ಕೆ ನಿಂತವರ ದೇಶದವರೇ ಈಗ ನೋಡುವವರ ಜಾಗದಲ್ಲಿ ಕುಳಿತರು. ಯೂರೋಪಿನವರ ಅಪರಾಧವನ್ನು ಓದಿ ಕೋಪಗೊಳ್ಳುವುದು ಸುಲಭ. ವಾಹನವು ಅರಣ್ಯದ ಬಾಗಿಲಿಗೆ ಬಂದಾಗ ಚಿತ್ರದ ಯಂತ್ರವನ್ನು ಕೆಳಗಿಡುವುದರಲ್ಲಿ ಧರ್ಮದ ಪರೀಕ್ಷೆಯಿದೆ.

ಹಾಗಾದರೆ ಭಿನ್ನರಾದ ಜನರನ್ನು ನೋಡುವ ಆಸೆಯನ್ನು ಅಡಗಿಸಿಬಿಡಬೇಕೇ? ಬೇಕಾಗಿಲ್ಲ. ಕನ್ನಡದಲ್ಲಿ ದರ್ಶನವೆಂಬ ಮಾತೂ ಪ್ರದರ್ಶನವೆಂಬ ಮಾತೂ ಒಂದೇ ಬೇರಿನವು. ದೇವರ ದರ್ಶನಕ್ಕೆ ಹೋದವನು ತಾನು ದೇವರನ್ನು ನೋಡುವುದರಷ್ಟೇ ದೇವರ ದೃಷ್ಟಿಯು ತನ್ನ ಮೇಲೆ ಬೀಳುವುದನ್ನೂ ಬಯಸುತ್ತಾನೆ. ಹಿರಿಯರ ದರ್ಶನಕ್ಕೆ ಹೋದವನು ತನ್ನ ಪರಿಚಯವನ್ನು ಹೇಳಿಕೊಳ್ಳುತ್ತಾನೆ. ನೋಡುವವನು ತಾನೂ ಕಾಣಿಸಿಕೊಳ್ಳುವುದಕ್ಕೆ ಒಪ್ಪಿದರೆ ಅದು ದರ್ಶನ. ತಾನು ಮರೆಯಲ್ಲಿ ನಿಂತು ಪರನನ್ನು ಮಾತ್ರ ಬೆಳಕಿನಲ್ಲಿ ನಿಲ್ಲಿಸಿದರೆ ಅದು ಪ್ರದರ್ಶನ. ಅಪರಿಚಿತನನ್ನು ಕಂಡಾಗ ಅವನ ಹೆಸರನ್ನು ಕೇಳುವವನು ತನ್ನ ಹೆಸರನ್ನು ಹೇಳಲು ಸಿದ್ಧನಾಗಿರಬೇಕು. ಅವನ ಆಚಾರವನ್ನು ವಿಚಾರಿಸುವವನು ತನ್ನ ಆಚಾರದ ಮೇಲೆ ಅವನು ಹೇಳುವ ಮಾತನ್ನು ತಾಳಿಕೊಳ್ಳಬೇಕು. ಅದಕ್ಕೆ ಮನಸ್ಸಿಲ್ಲದವನಿಗೆ ನೋಡುವ ಅಧಿಕಾರವಿಲ್ಲ. ನೋಡಿಸಿಕೊಳ್ಳಲು ಒಲ್ಲದವನನ್ನು ಅವನ ಪಾಡಿಗೆ ಬಿಡುವುದೂ ಈ ಧರ್ಮದಲ್ಲಿಯೇ ಸೇರಿದೆ.

ಸಾರಾ ಬಾರ್ಟ್‌ಮನ್ನಳ ಅವಶೇಷಗಳನ್ನು ಹಿಂದಕ್ಕೆ ಕೊಡಬೇಕೆಂದು ನೆಲ್ಸನ್ ಮಂಡೇಲಾ ಅವರು ಕೇಳಿದ ಮೇಲೆ, ಫ್ರಾನ್ಸ್ ದೇಶವು ೨೦೦೨ರಲ್ಲಿ ಅದಕ್ಕಾಗಿಯೇ ಒಂದು ಶಾಸನವನ್ನು ಮಾಡಿತು. ಅದೇ ವರ್ಷದ ಆಗಸ್ಟ್ ೯ರಂದು, ದಕ್ಷಿಣ ಆಫ್ರಿಕದ ಮಹಿಳಾದಿನದಲ್ಲಿ, ಹ್ಯಾಂಕಿ ಎಂಬ ಊರಿನಲ್ಲಿ ಅವಳನ್ನು ಮಣ್ಣುಮಾಡಿದರು. ಸುಮಾರು ಎರಡು ಶತಮಾನಗಳ ಮೇಲೆ ಅವಳಿಗೆ ದೊರೆತುದು ಯಾರೂ ನೋಡದಿರುವ ಒಂದು ಸ್ಥಳ.

ಮನುಷ್ಯನನ್ನು ನೋಡುವುದಕ್ಕೆ ಬೇರೊಂದು ಮಾರ್ಗವಿದ್ದಿತೆಂಬುದಕ್ಕೆ ಸಾಕ್ಷಿಯು ಆ ರೂಆನ್ ಪಟ್ಟಣದಲ್ಲಿಯೇ ಇದೆ. ಕಟ್ಟಿ ನಿಲ್ಲಿಸಿದ ಹಳ್ಳಿಯನ್ನು ದೊರೆಯು ನೋಡಿದ ಹನ್ನೆರಡು ವರ್ಷಗಳ ಮೇಲೆ, ೧೫೬೨ರಲ್ಲಿ, ಅದೇ ಬ್ರೆಜಿಲಿನ ಮೂವರನ್ನು ಅಲ್ಲಿ ಕಂಡುದಾಗಿ ಫ್ರೆಂಚ್ ಪ್ರಬಂಧಕಾರನಾದ ಮಾಂಟೇನ್ ಬರೆದಿದ್ದಾನೆ. ಅವರನ್ನು ಅವನು ಬರಿದೆ ನೋಡಲಿಲ್ಲ. ಫ್ರಾನ್ಸಿನಲ್ಲಿ ಅವರಿಗೆ ಏನು ವಿಚಿತ್ರವಾಗಿ ಕಂಡಿತೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ಕೇಳಿದನು. ಆಯುಧ ಹಿಡಿದ ಗಡ್ಡದ ಗಂಡಸರು ಬಾಲಕನಾದ ದೊರೆಗೆ ತಲೆಬಾಗುವುದು ಅವರಿಗೆ ಆಶ್ಚರ್ಯವಾಗಿದ್ದಿತು. ಕೆಲವರು ಹೊಟ್ಟೆ ಬಿರಿಯುವಂತೆ ಉಣ್ಣುತ್ತಿರುವಾಗ ಅವರ ಬಾಗಿಲಲ್ಲಿಯೇ ಹಸಿದು ನಿಂತವರು ಆ ಅನ್ಯಾಯವನ್ನು ಸುಮ್ಮನೆ ಸಹಿಸುವುದು ಅದಕ್ಕಿಂತ ಆಶ್ಚರ್ಯವಾಗಿದ್ದಿತು. ಅವರು ಹೇಳಿದುದು ಮೂರು ಸಂಗತಿಗಳೆಂದೂ ಮೂರನೆಯದನ್ನು ತಾನು ಮರೆತುಬಿಟ್ಟೆನೆಂದೂ ಅವನು ವ್ಯಥೆಪಡುತ್ತಾನೆ. ಬೇಲಿಯ ಬಳಿ ನಿಂತು ನೋಡಿಹೋದ ಕೋಟ್ಯಂತರ ಜನರಿಗೆ ಅಂತಹ ವ್ಯಥೆಯು ಒದಗಲಿಲ್ಲ. ಕೇಳಿದ್ದವನಿಗಲ್ಲವೇ ಮರೆತೆನೆಂಬ ದುಃಖ?